ಸೇರಿನ ಲೆಕ್ಕವನ್ನು ಗ್ರಾಮಿಗೆ ತಂದಾಗ ಉಪ್ಪು ಕಡಿಮೆಯಾದದ್ದು ಏಕೆ?

ಓದುಗರ ಪ್ರಶ್ನೆ: ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾವು ಕೆಲವು ಹೆಂಗಸರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ, ಚಕ್ಕುಲಿ ಮತ್ತು ಜೋನಿ ಬೆಲ್ಲ ಮಾರುತ್ತೇವೆ. ಅತ್ತೆಯವರ ಪುಸ್ತಕದಲ್ಲಿ ‘ಆರು ಸೇರು ಮಿಡಿಗೆ ಒಂದು ಸೇರು ಹರಳುಪ್ಪು’ ಎಂದಿದೆ. ಪ್ರತಿ ಸಲವೂ ಒಂದೇ ರುಚಿ ಬರಲಿ ಎಂದು ಈ ವರ್ಷ ತಕ್ಕಡಿ ತಂದೆವು. ಒಂದು ಸೇರು ಎಂದರೆ 933 ಗ್ರಾಂ ಎಂದು ಮೊಬೈಲಿನಲ್ಲಿ ಸಿಕ್ಕಿತು. ಅದರಂತೆ 11.2 ಕಿಲೋ ಮಿಡಿಗೆ 1.87 ಕಿಲೋ ಉಪ್ಪು ಹಾಕಿದೆವು. ತಿಂಗಳಾಗುವುದರೊಳಗೆ ಎರಡು ಜಾಡಿಗಳಲ್ಲಿ ಮೇಲೆ ಬಿಳಿ ಪದರ ಕಟ್ಟಿ ಮಿಡಿ ಮೆತ್ತಗಾಯಿತು. ಉಳಿದ ಜಾಡಿಗಳು ಸದ್ಯಕ್ಕೆ ಚೆನ್ನಾಗಿವೆ. ‘ಸೇರು ಬಿಟ್ಟು ತಕ್ಕಡಿ ಹಿಡಿದಿರಿ, ಅದಕ್ಕೇ ಹೀಗಾಯಿತು’ ಎಂದು ಅತ್ತೆ ಹೇಳುತ್ತಾರೆ. ಚಕ್ಕುಲಿಯದೂ ಇದೇ ಗೋಳು. ಒಂದು ಕಪ್ ಅಕ್ಕಿಹಿಟ್ಟು ಒಂದು ಕಡೆ 120 ಗ್ರಾಂ ಎಂದಿದ್ದರೆ ಇನ್ನೊಂದು ಕಡೆ 160 ಎಂದಿದೆ. ಜೋನಿ ಬೆಲ್ಲವನ್ನು ಒಂದು ಲೀಟರಿನ ಡಬ್ಬಿಯಲ್ಲಿ ತುಂಬಿ ಒಂದು ಕಿಲೋ ಎಂದು ಬರೆಯಬಹುದೇ? ಎಲ್ಲ ಸಾಮಗ್ರಿಗೂ ಒಂದು ಖಚಿತವಾದ ಪಟ್ಟಿ ಕೊಡಿ.

ಉತ್ತರ: ನಿಮ್ಮ ತಕ್ಕಡಿ ತಪ್ಪು ಮಾಡಿಲ್ಲ, ಅತ್ತೆಯವರ ಪುಸ್ತಕವೂ ತಪ್ಪಲ್ಲ. ಮೊಬೈಲಿನಲ್ಲಿ ಸಿಕ್ಕ 933 ಕೂಡ ಸುಳ್ಳು ಸಂಖ್ಯೆಯಲ್ಲ. ಆದರೆ ಆ ಸೇರು ಬೇರೆ, ನಿಮ್ಮ ಅಡುಗೆಮನೆಯ ಸೇರು ಬೇರೆ. ಶಿವಮೊಗ್ಗದ ಸುತ್ತಮುತ್ತ ಮನೆಯಲ್ಲಿ ತಿಂಡಿ, ಉಪ್ಪಿನಕಾಯಿ ಮಾಡಿ ಮಾರುವವರಿಗೆ ತರಬೇತಿ ಕೊಡುವಾಗ ನಾನು ಅತಿ ಹೆಚ್ಚು ಕಾಣುವ ತೊಡಕು ಇದೇ. ಉಪ್ಪಿನಕಾಯಿಯಲ್ಲಿ ಇದರ ಬೆಲೆ ದೊಡ್ಡದು. ಆದ್ದರಿಂದ ಮೊದಲು ಅದನ್ನೇ ಬಿಡಿಸಿ ಹೇಳುತ್ತೇನೆ.

933 ಗ್ರಾಂ ಎಂಬುದು ತೂಕದ ಸೇರು. ಒಂದು ತೊಲ ಎಂದರೆ 11.66 ಗ್ರಾಂ; ಅಂಥ 80 ತೊಲಕ್ಕೆ ಒಂದು ಸೇರು. ಹಳೆ ಮೈಸೂರು ಸೀಮೆಯಲ್ಲಿ 24 ತೊಲದ ಕಚ್ಚಾ ಸೇರೂ ಬಳಕೆಯಲ್ಲಿತ್ತು, ಅದು 280 ಗ್ರಾಂ ಮಾತ್ರ. 1956ರ ಕಾಯ್ದೆಯ ಬಳಿಕ, 1958ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಕಿಲೋಗ್ರಾಂ ಬಂದು ಇವೆರಡೂ ಅಂಗಡಿಯಿಂದ ಹೊರಟುಹೋದವು. ಅಡುಗೆಮನೆಯಲ್ಲಿ ಉಳಿದದ್ದು ಪಾತ್ರೆಯ ಸೇರು. ಅದು ತೂಕವನ್ನು ಹೇಳುವುದಿಲ್ಲ, ಎಷ್ಟು ಜಾಗ ತುಂಬಿತು ಎಂಬುದನ್ನು ಹೇಳುತ್ತದೆ. ಪಾವು, ಅಚ್ಛೇರು, ಸಾಗರ ಸೊರಬದ ಕಡೆಯ ಸಿದ್ದೆ, ಎಲ್ಲವೂ ಹೀಗೆಯೇ. ಮನೆಯಿಂದ ಮನೆಗೆ ಇವುಗಳ ಗಾತ್ರವೂ ಬದಲಾಗುತ್ತದೆ. ಲೀಟರಿನ ಕ್ಯಾನನ್ನೇ ಸೇರು ಎಂದು ಕರೆಯುವ ಮನೆಗಳೂ ಬೇಕಾದಷ್ಟಿವೆ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಸೇರು ಒಂದು ಲೀಟರಿನದು ಎಂದು ಇಟ್ಟುಕೊಳ್ಳಿ. ಮಿಡಿ ತುಂಬಿದಾಗ ಕಾಯಿ ಕಾಯಿಯ ನಡುವೆ ಗಾಳಿ ಉಳಿಯುತ್ತದೆ. ಹಾಗಾಗಿ ಒಂದು ಸೇರು ಮಿಡಿ ತೂಗಿದರೆ 600 ಗ್ರಾಂ ಆಸುಪಾಸು. ಅದೇ ಸೇರಿನಲ್ಲಿ ಹರಳುಪ್ಪು ಹೆಚ್ಚು ಕಡಿಮೆ ಒಂದು ಕಿಲೋ ಹಿಡಿಯುತ್ತದೆ. ಅಂದರೆ ಅತ್ತೆಯವರು ಆರು ಸೇರಿಗೆ ಒಂದು ಸೇರು ಹಾಕಿದಾಗ 3.6 ಕಿಲೋ ಮಿಡಿಗೆ ಒಂದು ಕಿಲೋ ಉಪ್ಪು ಬೀಳುತ್ತಿತ್ತು. ಒಂದು ಕಿಲೋ ಮಿಡಿಗೆ ಸುಮಾರು 280 ಗ್ರಾಂ ಆಯಿತು. ನೀವು ಮಿಡಿಗೂ ಉಪ್ಪಿಗೂ ಒಂದೇ 933 ಹಿಡಿದಿರಿ. ಆರಕ್ಕೆ ಒಂದು ಎಂಬ ಅಳತೆಯ ಪ್ರಮಾಣ ತೂಕದ ಪ್ರಮಾಣವಾಗಿಬಿಟ್ಟಿತು. ಕಿಲೋಗೆ ಬಿದ್ದದ್ದು 167 ಗ್ರಾಂ. ನೂರು ಗ್ರಾಂ ಬೇಕಾದಲ್ಲಿ ಅರವತ್ತು ಹಾಕಿದಂತಾಯಿತು.

ರುಚಿಯ ಮಾತು ಹಾಗಿರಲಿ, ಇದು ಕೆಡುವ ಕೆಡದಿರುವ ಮಾತು. ಉಪ್ಪು ಮಿಡಿಯ ಒಳಗಿನ ನೀರನ್ನು ಹೊರಗೆಳೆದು ಅದನ್ನು ಗಟ್ಟಿ ಉಪ್ಪುನೀರಾಗಿ ಮಾಡುತ್ತದೆ. ಆ ನೀರಿನಲ್ಲಿ ಸೂಕ್ಷ್ಮಾಣುಗಳಿಗೆ ಬದುಕಲು ಬೇಕಾದ ತೇವ ಸಿಗುವುದಿಲ್ಲ. ಉಪ್ಪನ್ನೇ ನಂಬಿದ ಉಪ್ಪಿನಕಾಯಿಯಲ್ಲಿ, ಎಲ್ಲ ಸೇರಿದ ಮೇಲೆ, ನೂರು ಭಾಗಕ್ಕೆ 15ರಿಂದ 20 ಭಾಗ ಉಪ್ಪಿರಬೇಕು ಎಂಬುದು ಆಹಾರ ಸಂರಕ್ಷಣೆಯಲ್ಲಿ ಕಲಿಸುವ ಸಾಮಾನ್ಯ ನಿಯಮ. ಅತ್ತೆಯವರ ಜಾಡಿಯಲ್ಲಿ ಮಿಡಿ ಮತ್ತು ಉಪ್ಪು ಸೇರಿದಾಗ ಅದು 22ರ ಹತ್ತಿರ. ಮುಂದೆ ಸಾಸಿವೆ, ಮೆಣಸಿನಕಾಯಿ ಅರೆದು ಕಲಸಿ ಉಪ್ಪು ತೆಳುವಾದರೂ ತಡೆದುಕೊಳ್ಳುವಷ್ಟು ಹೆಚ್ಚಳ ಅದರಲ್ಲಿದೆ. ನಿಮ್ಮ ಜಾಡಿಯಲ್ಲಿ ಸಾಸಿವೆ ಬೀಳುವ ಮೊದಲೇ 14 ಮಾತ್ರ. ಅಪ್ಪೆಯ ಹುಳಿ ಮತ್ತು ಸೊನೆ ಒಂದಿಷ್ಟು ಕಾಪಾಡಿವೆ. ಉಳಿದ ಜಾಡಿಗಳು ಇನ್ನೂ ನಿಂತಿರುವುದು ಬಹುಶಃ ಅದರಿಂದಲೇ.

ಆ ಜಾಡಿಗಳಿಗೆ ಏನು ಮಾಡಬಹುದು ಎಂಬುದನ್ನು ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಬಿಳಿ ಪದರ ಕಟ್ಟಿ ಮಿಡಿ ಮೆತ್ತಗಾದ ಎರಡನ್ನೂ ಚೆಲ್ಲಿ. ಪದರ ತೆಗೆದು, ಉಪ್ಪುನೀರು ಕುದಿಸಿ ಮತ್ತೆ ಸುರಿಯುವ ರೂಢಿ ಹಲವು ಮನೆಗಳಲ್ಲಿದೆ. ಆದರೆ ಆ ಪದರ ಕಟ್ಟುವ ಜೀವಿಗಳು ಹುಳಿಯನ್ನು ತಿಂದು ಕಡಿಮೆ ಮಾಡುತ್ತವೆ, ಅವುಗಳ ಹಿಂದೆಯೇ ಬೂಸ್ಟು ಬರುತ್ತದೆ. ಒಮ್ಮೆ ಮೆತ್ತಗಾದ ಮಿಡಿ ಕುದಿಸಿದ ನೀರಿನಿಂದ ಗಟ್ಟಿಯಾಗುವುದೂ ಇಲ್ಲ. ಹಣ ಕೊಟ್ಟು ಕೊಳ್ಳುವವರಿಗೆ ಅದನ್ನು ಕೊಡುವ ಹಾಗಿಲ್ಲ. ಉಳಿದ ಜಾಡಿಗಳಲ್ಲಿ ಮಿಡಿ ಗಟ್ಟಿಯಾಗಿದ್ದು, ವಾಸನೆ ಸರಿಯಾಗಿದ್ದು, ಪದರವಿಲ್ಲದಿದ್ದರೆ, ಹಾಕುವಾಗಿನ ಮಿಡಿಯ ತೂಕದ ಲೆಕ್ಕದಲ್ಲಿ ಕಿಲೋಗೆ 110 ಗ್ರಾಂ ಹುರಿದು ಆರಿಸಿದ ಉಪ್ಪನ್ನು ಈಗಲೇ ಸೇರಿಸಿ. ಒಣ ಸೌಟಿನಿಂದ ಬುಡದವರೆಗೆ ತಿರುವಿ, ಮಿಡಿಗಳು ಉಪ್ಪುನೀರಿನಲ್ಲಿ ಮುಳುಗಿರುವಂತೆ ಮೇಲೆ ಭಾರ ಇಡಿ. ತಡವಾಗಿ ಹಾಕಿದ ಉಪ್ಪು ಆಗಲೇ ಶುರುವಾದ ಕೆಡುಕನ್ನು ಹಿಂದಕ್ಕೆ ಕರೆಯುವುದಿಲ್ಲ. ಆದ್ದರಿಂದ ಕೆಲವು ವಾರ ಗಮನಿಸಿ, ಅನುಮಾನ ಬಂದ ಜಾಡಿಯನ್ನು ಮಾರಾಟದಿಂದ ಹೊರಗಿಡಿ.

ಇನ್ನು ಪಟ್ಟಿಯ ವಿಷಯ. ಒಂದು ಖಚಿತವಾದ ಪಟ್ಟಿ ಕೊಡಿ ಎಂದಿದ್ದೀರಿ. ಅಂಥ ಪಟ್ಟಿ ನೀರಿಗೆ, ಎಣ್ಣೆಗೆ, ಹಾಲಿಗೆ ಇದೆ. ಒಂದು ಲೀಟರ್ ನೀರು ಒಂದು ಕಿಲೋ. ಹಾಲು 1.03 ಕಿಲೋ, ಅಡುಗೆ ಎಣ್ಣೆ 910 ಗ್ರಾಂ ಆಸುಪಾಸು, ಜೇನುತುಪ್ಪ 1.4 ಕಿಲೋ. ದ್ರವ ಪಾತ್ರೆಯೊಳಗೆ ಸಂದು ಬಿಡುವುದಿಲ್ಲ, ಯಾರು ಸುರಿದರೂ ಅಷ್ಟೇ. ಕಾಳು ಮತ್ತು ಪುಡಿಗೆ ಬಂದಾಗ ಪಾತ್ರೆಯಲ್ಲಿ ಪದಾರ್ಥದ ಜೊತೆ ಗಾಳಿಯೂ ಕುಳಿತಿರುತ್ತದೆ. ಆ ಗಾಳಿ ಎಷ್ಟು ಎಂಬುದು ಕಾಳಿನ ಗಾತ್ರ, ಬೀಸಿದ ನಯ, ತೇವ, ಕುಟ್ಟಿ ಕೂರಿಸಿದ್ದು, ಜರಡಿ ಹಿಡಿದದ್ದು, ಇಷ್ಟನ್ನೂ ಅವಲಂಬಿಸಿರುತ್ತದೆ. ಒಂದು ಲೀಟರ್ ಅಕ್ಕಿ 800ರಿಂದ 850 ಗ್ರಾಂ ತೂಗುತ್ತದೆ. ಅದೇ ಪಾತ್ರೆಯಲ್ಲಿ ಮಂಡಕ್ಕಿ ನೂರು ಗ್ರಾಂ ಕೂಡ ಹಿಡಿಯದು. ಉಪ್ಪಿನದೇ ಎರಡು ರೂಪ ನೋಡಿ. ಹರಳುಪ್ಪು ಲೀಟರಿಗೆ ಒಂದು ಕಿಲೋ ಇದ್ದರೆ ನಯವಾದ ಪುಡಿ ಉಪ್ಪು 1.2 ಕಿಲೋ ಮುಟ್ಟುತ್ತದೆ. ಪುಡಿ ಉಪ್ಪಿಗೆ ಉಪ್ಪಿನ ರುಚಿ ಹೆಚ್ಚು ಎಂದು ನಮ್ಮಲ್ಲಿ ನಂಬಿಕೆಯಿದೆ. ತೂಗಿ ಹಾಕಿದರೆ ಎರಡೂ ಸಮ. ಪಾತ್ರೆಯಲ್ಲಿ ಅಳೆದಾಗ ಮಾತ್ರ ಪುಡಿ ಹೆಚ್ಚು ಬೀಳುತ್ತದೆ.

ಹೀಗಾಗಿ ಬೇರೆಯವರ ಪಟ್ಟಿಯನ್ನು ತರುವ ಬದಲು ನಿಮ್ಮದೇ ಪಟ್ಟಿ ಮಾಡಿಕೊಳ್ಳಿ. ಒಂದು ಮಧ್ಯಾಹ್ನದ ಕೆಲಸ ಅಷ್ಟೇ. ಅತ್ತೆಯವರ ಸೇರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಬಾಯಿಮಟ್ಟಕ್ಕೆ ನೀರು ತುಂಬಿ. ಎಷ್ಟು ಗ್ರಾಂ ತೋರಿಸುತ್ತದೋ ಆ ಸೇರು ಅಷ್ಟು ಮಿಲಿಲೀಟರಿನದು. ನಂತರ ಅದನ್ನು ಚೆನ್ನಾಗಿ ಒರೆಸಿ, ಮಿಡಿ, ಹರಳುಪ್ಪು, ಸಾಸಿವೆ, ಅಕ್ಕಿ, ಹಿಟ್ಟು, ಸಕ್ಕರೆ ಒಂದೊಂದನ್ನೂ ತುಂಬಿ ತೂಗಿ. ಪ್ರತಿಯೊಂದನ್ನೂ ಖಾಲಿ ಮಾಡಿ ಮತ್ತೆ ತುಂಬಿ, ಮೂರು ಸಲವಾದರೂ. ಸಾಧ್ಯವಾದರೆ ಒಮ್ಮೆ ಅತ್ತೆಯವರ ಕೈಯಲ್ಲೇ ತುಂಬಿಸಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಪುಸ್ತಕದಲ್ಲಿ ಬರೆಯದೇ ಉಳಿದ ಅರ್ಧ ವಿಷಯ ಅವರ ಕೈಯಲ್ಲಿದೆ. ಅವರು ಬಾಯಿಮಟ್ಟಕ್ಕೆ ಸವರುತ್ತಾರೋ, ಮೇಲೆ ರಾಶಿ ಕೂರುವಂತೆ ತುಂಬುತ್ತಾರೋ? ಲೀಟರಿನ ಸೇರಿನ ಮೇಲೆ ಕೂರುವ ರಾಶಿಯೇ ಹತ್ತರಲ್ಲಿ ಒಂದು ಭಾಗದಷ್ಟಾಗಬಹುದು. ಬಾಯಿ ಅಗಲವಿದ್ದರೆ ಇನ್ನೂ ಹೆಚ್ಚು. ಮಿಡಿಯನ್ನು ರಾಶಿಯಾಗಿ ತುಂಬಿ ಉಪ್ಪನ್ನು ಸವರಿ ಅಳೆಯುವವರನ್ನು ನಾನು ಹಲವರಲ್ಲಿ ಕಂಡಿದ್ದೇನೆ. ಅವರಿಗೆ ಅದು ಎಷ್ಟು ಸಹಜವೆಂದರೆ ಬರೆಯಬೇಕೆಂದೇ ಹೊಳೆಯುವುದಿಲ್ಲ.

ಮೂರು ಸಲದ ತೂಕಗಳು ಹತ್ತಿರ ಹತ್ತಿರ ಬಂದರೆ ಸರಾಸರಿ ತೆಗೆದು ಬರೆದುಕೊಳ್ಳಿ. ಸಕ್ಕರೆ, ಅಕ್ಕಿ, ಬೇಳೆ ಹೀಗೆ ಬರುತ್ತವೆ. ನೂರಕ್ಕೆ ಐದಕ್ಕಿಂತ ಹೆಚ್ಚು ಏರುಪೇರಾದರೆ ಮಾರಾಟದ ಕೆಲಸಕ್ಕೆ ಆ ಪದಾರ್ಥವನ್ನು ಪಾತ್ರೆಯಲ್ಲಿ ಅಳೆಯುವುದನ್ನೇ ಬಿಡಿ. ಹಿಟ್ಟು, ಕಾಯಿತುರಿ, ಪುಡಿ ಮಾಡಿದ ಬೆಲ್ಲ ಈ ಗುಂಪಿಗೆ ಸೇರುತ್ತವೆ. ಮಿಡಿಯೂ ಇದೇ ಗುಂಪಿಗೆ. ನಮ್ಮ ಕಡೆ ಮಿಡಿಯನ್ನು ನೂರರ ಲೆಕ್ಕದಲ್ಲಿ ಕೊಳ್ಳುವುದುಂಟು; ಒಂದು ಮರದ ನೂರು ಮಿಡಿಗೂ ಇನ್ನೊಂದು ಮರದ ನೂರು ಮಿಡಿಗೂ ತೂಕ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಎಣಿಸಿ ಕೊಂಡರೂ ಉಪ್ಪು ಹಾಕುವಾಗ ತೂಗಲೇಬೇಕು.

ಚಕ್ಕುಲಿಯ ಅಕ್ಕಿಹಿಟ್ಟಿಗೆ ಬರೋಣ. 120 ಮತ್ತು 160, ಎರಡೂ ನಿಜವಾಗಬಹುದು. ಮೊದಲನೆಯದಾಗಿ ಕಪ್ ಎಂಬುದೇ ಒಂದಲ್ಲ. ಅಮೆರಿಕದ್ದು ಸುಮಾರು 237 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250, ಜಪಾನಿನದು 200. ಎಲೆಕ್ಟ್ರಿಕ್ ಕುಕ್ಕರಿನ ಜೊತೆ ಬರುವ ಅಕ್ಕಿಯ ಕಪ್ ಸಾಮಾನ್ಯವಾಗಿ 180. ಕಾಫಿ ಲೋಟದ ಮಾತು ಬಿಡಿ. ಎರಡನೆಯದಾಗಿ, ಗಿರಣಿಯಿಂದ ಆಗಷ್ಟೇ ಬಂದ ಬಿಸಿ ಹಿಟ್ಟು ಅರಳಿಕೊಂಡಿರುತ್ತದೆ. ಡಬ್ಬಿಯಲ್ಲಿ ವಾರ ಕುಳಿತ ಹಿಟ್ಟು ತಾನಾಗಿ ಅಡಕವಾಗುತ್ತದೆ. ಚಮಚದಿಂದ ಸಡಿಲವಾಗಿ ತುಂಬಿದ್ದಕ್ಕೂ ಕಪ್ಪನ್ನೇ ಡಬ್ಬಿಗೆ ಅದ್ದಿ ತೆಗೆದದ್ದಕ್ಕೂ ನೂರಕ್ಕೆ ಇಪ್ಪತ್ತರಷ್ಟು ವ್ಯತ್ಯಾಸ ಸುಲಭವಾಗಿ ಬರುತ್ತದೆ.

ಆದರೆ ಇಲ್ಲಿ ಅತ್ತೆಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಅಳೆಯುವ ಅಡುಗೆ ಪಾತ್ರೆ ಬದಲಾದರೂ ಹೆಚ್ಚು ಕೆಡುವುದಿಲ್ಲ. ನಾಲ್ಕು ಅಳತೆ ಅಕ್ಕಿಹಿಟ್ಟಿಗೆ ಒಂದು ಅಳತೆ ಉದ್ದಿನಹಿಟ್ಟು ಎಂದರೆ ಪಾವಿನಲ್ಲಾದರೂ ಸರಿ, ಲೋಟದಲ್ಲಾದರೂ ಸರಿ, ಪ್ರಮಾಣ ಕೂಡುತ್ತದೆ. ನಮ್ಮ ಹಿರಿಯರ ಅಡುಗೆ ನಿಂತಿದ್ದು ಈ ಪ್ರಮಾಣದ ಮೇಲೆ, ಅದು ಗಟ್ಟಿಯಾದ ಪದ್ಧತಿ. ಎಡವುವುದು ಅಳತೆಯನ್ನೂ ತೂಕವನ್ನೂ ಬೆರೆಸಿದಾಗ. ‘ಎರಡು ಕಪ್ ಹಿಟ್ಟಿಗೆ 50 ಗ್ರಾಂ ಬೆಣ್ಣೆ’ ಎಂಬ ಬರಹವನ್ನು ನೋಡಿ. ಕಪ್ಪಿಗೆ 120 ಗ್ರಾಂ ಹಿಟ್ಟಾದರೆ ಬೆಣ್ಣೆ ನೂರಕ್ಕೆ 21ರಷ್ಟಾಯಿತು, ಚಕ್ಕುಲಿ ಎಣ್ಣೆಯಲ್ಲೇ ಒಡೆದು ಪುಡಿಯಾಗಬಹುದು. 160 ಆದರೆ 16ಕ್ಕೆ ಇಳಿದು ಗಡುಸಾಗುತ್ತದೆ. ಎರಡೂ ಸಲ ನೀವು ಬರೆದಂತೆಯೇ ಮಾಡಿರುತ್ತೀರಿ. ಬೇರೆಯವರ ಅಡುಗೆಯನ್ನು ತಂದುಕೊಳ್ಳುವಾಗ ಅದು ಪೂರ್ತಿ ಕಪ್ಪಿನಲ್ಲಿದೆಯೋ, ಪೂರ್ತಿ ಗ್ರಾಮಿನಲ್ಲಿದೆಯೋ, ಬೆರಕೆಯೋ ಎಂದು ಮೊದಲು ನೋಡಿ. ಬೆರಕೆಯಾಗಿದ್ದರೆ ಒಂದು ಸಣ್ಣ ಪಾಲು ಮಾಡಿ ನೋಡದೆ ದೊಡ್ಡ ಬಾಣಲೆ ಇಡಬೇಡಿ.

ಅನ್ನಕ್ಕೆ ನೀರಿಡುವಾಗಲೂ ಇದೇ ಎಚ್ಚರ ಬೇಕು. ‘ಒಂದಕ್ಕೆ ಎರಡು’ ಎಂಬುದು ಪಾತ್ರೆಯ ಮಾತು. ಒಂದು ಕಿಲೋ ಅಕ್ಕಿ ಸುಮಾರು 1.2 ಲೀಟರ್ ಆಗುತ್ತದೆ, ಅದಕ್ಕೆ 2.4 ಲೀಟರ್ ನೀರು ಬೇಕು. ಕಿಲೋಗೆ ಎರಡೇ ಲೀಟರ್ ಹಾಕಿದರೆ ಅನ್ನ ಬಿರುಸಾಗುತ್ತದೆ. ಸಮಾರಂಭದ ಅಡುಗೆಯಲ್ಲಿ ಮೂಟೆಯ ಲೆಕ್ಕದಿಂದ ನೀರು ಹಾಕುವವರು ಇದನ್ನು ನೆನಪಿಡಬೇಕು.

ತೂಕವೇ ಎಲ್ಲಕ್ಕೂ ಮೇಲು ಎಂದೂ ನಾನು ಹೇಳುವುದಿಲ್ಲ. ಒಂದೊಂದು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿಯಲ್ಲಿ ಎರಡು ಗ್ರಾಂ ಸೋಡಾ ಅಥವಾ ಇಂಗು ತೂಗಿದರೆ ಅದು ಒಂದೂ ಇರಬಹುದು, ಮೂರೂ ಇರಬಹುದು. ಅಲ್ಲಿ ಐದು ಮಿಲಿಲೀಟರಿನ ಚಮಚವೇ ಮೇಲು. ಗ್ರಾಮಿನಲ್ಲೇ ಬರೆದಿಡಬೇಕೆಂದಿದ್ದರೆ ಹತ್ತು ಚಮಚ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ. ಹಿಟ್ಟು ಕಲಸುವ ನೀರಿಗಂತೂ ಯಾವ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. ನೆನೆಸಿ, ನೆರಳಲ್ಲಿ ಆರಿಸಿ ಬೀಸಿದ ಅಕ್ಕಿಹಿಟ್ಟು ಎಷ್ಟು ತೇವ ಹಿಡಿದುಕೊಂಡಿದೆ ಎಂಬುದು ಕೈಗೆ ಗೊತ್ತಾಗುವಷ್ಟು ಚೆನ್ನಾಗಿ ತಕ್ಕಡಿಗೆ ಗೊತ್ತಾಗುವುದಿಲ್ಲ. ಮುಕ್ಕಾಲು ಭಾಗ ನೀರನ್ನು ಅಳತೆಯಿಂದ ಹಾಕಿ, ಉಳಿದದ್ದನ್ನು ಕೈಗೆ ಬಿಡಿ.

ಮಲೆನಾಡಿನಲ್ಲಿ ಮಳೆಗಾಲದ ಲೆಕ್ಕವನ್ನೂ ಇಡಬೇಕು. ಗಾಳಿಯ ತೇವಾಂಶ ನೂರಕ್ಕೆ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಕುಡಿದು ಕರಗತೊಡಗುತ್ತದೆ. ಹೊಸನಗರ, ತೀರ್ಥಹಳ್ಳಿ, ಆಗುಂಬೆಯ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇದಕ್ಕಿಂತ ಕೆಳಗಿಳಿಯುವ ದಿನಗಳೇ ಅಪರೂಪ. ಆ ದಿನಗಳಲ್ಲಿ ತೆರೆದಿಟ್ಟ ಹರಳುಪ್ಪನ್ನು ತೂಗಿದರೆ ಉಪ್ಪಿನ ಜೊತೆ ನೀರನ್ನೂ ತೂಗಿದಂತೆ. ಉಪ್ಪನ್ನು ಹುರಿದು ಹಾಕುವ ಹಿರಿಯರ ಪದ್ಧತಿಗೆ ಇಲ್ಲಿ ಭದ್ರವಾದ ಕಾರಣವಿದೆ. ಹುರಿದು, ಆರಿಸಿ, ಆ ಮೇಲೆ ತೂಗಿ. ತೂಗಿದ ಮೇಲೆ ಹುರಿಯಬೇಡಿ. ಹಿಟ್ಟೂ ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದೆ. ಆದರೆ ಅದರಿಂದ ತೂಕದಲ್ಲಿ ಬರುವ ವ್ಯತ್ಯಾಸ ನೂರಕ್ಕೆ ಎರಡೋ ಮೂರೋ. ಕಪ್ ತುಂಬುವ ಕೈಯಿಂದ ಬರುವ ಇಪ್ಪತ್ತರ ಮುಂದೆ ಅದು ಅಲ್ಪ.

ಜೋನಿ ಬೆಲ್ಲಕ್ಕೆ ನಿಮ್ಮ ಯೋಚನೆ ನಿಮಗೇ ನಷ್ಟ. ನೀರಿಗಿಂತ ಅದು ಬಹಳ ಭಾರ. ಕಾಯಿಸಿದ ಹದಕ್ಕೆ ತಕ್ಕಂತೆ ಲೀಟರಿನ ಡಬ್ಬಿಯಲ್ಲಿ 1.3ರಿಂದ 1.4 ಕಿಲೋ ಕೂರುತ್ತದೆ. ಒಂದು ಕಿಲೋ ಎಂದು ಬರೆದರೆ ಪ್ರತಿ ಡಬ್ಬಿಗೂ 300 ಗ್ರಾಮಿಗೂ ಹೆಚ್ಚು ಬಿಟ್ಟಿಯಾಗಿ ಹೋಗುತ್ತದೆ. ಬಿಸಿಯಿರುವಾಗ ಗುರುತಿನ ತನಕ ಸುರಿಯುವುದೂ ಬೇಡ. ಬಿಸಿ ದ್ರವ ಹಿಗ್ಗಿರುತ್ತದೆ, ಆರಿದ ಮೇಲೆ ಮಟ್ಟ ಇಳಿದು ಕೊಂಡವರು ಕಡಿಮೆ ಕೊಟ್ಟರೆಂದು ತಿಳಿಯುತ್ತಾರೆ. ಖಾದ್ಯ ತೈಲದ ವಿಷಯದಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಇದನ್ನೇ ಎತ್ತಿ ಹೇಳಿತು. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ, 60 ಡಿಗ್ರಿಯಲ್ಲಿ 892.6 ಗ್ರಾಂ. ಉಷ್ಣಾಂಶದ ನೆಪ ಹೇಳದೆ ಅಳತೆಯ ಜೊತೆ ತೂಕವನ್ನೂ ನಮೂದಿಸಬೇಕು ಎಂದು ತಯಾರಕರಿಗೆ ಸೂಚಿಸಿತು.

ಪೊಟ್ಟಣದ ನಿಯಮವೂ ನಿಮ್ಮ ಕೆಲಸವನ್ನು ಹಗುರ ಮಾಡುತ್ತದೆ. ಗಟ್ಟಿ, ಅರೆಗಟ್ಟಿ, ಮಂದವಾದ ಪದಾರ್ಥಗಳನ್ನೂ ಹೋಳು ಮತ್ತು ರಸ ಬೆರೆತವನ್ನೂ ತೂಕದಲ್ಲೇ ನಮೂದಿಸಬೇಕು. ಉಪ್ಪಿನಕಾಯಿ, ಚಕ್ಕುಲಿ, ಜೋನಿ ಬೆಲ್ಲ ಮೂರಕ್ಕೂ ಗ್ರಾಂ ಸಾಕು, ಲೀಟರ್ ಬರೆಯುವ ಅಗತ್ಯವಿಲ್ಲ. ಬರೆದ ತೂಕದಲ್ಲಿ ಡಬ್ಬಿಯ ಭಾರ ಸೇರಬಾರದು. ಒಂದು ವಿಷಯ ಮಾತ್ರ ಮರೆಯಬೇಡಿ: ನೀವು ತಂದ ಅಡುಗೆಮನೆಯ ತಕ್ಕಡಿ ಒಳಗಿನ ಕೆಲಸಕ್ಕೆ ಆಗುತ್ತದೆ, ಮಾರಾಟದ ಡಬ್ಬಿ ತೂಗಲು ಆಗುವುದಿಲ್ಲ. ಅದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ತಕ್ಕಡಿಯೇ ಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ಆ ಮುದ್ರೆಯನ್ನು ಪ್ರತಿವರ್ಷ ಹೊಸದಾಗಿ ಹಾಕಿಸಬೇಕು. ಮುಂದಿನ ಮಿಡಿ ಬರುವ ಮುಂಚೆ ಅದನ್ನೊಂದು ಮಾಡಿಸಿಕೊಳ್ಳಿ. ಅಷ್ಟರೊಳಗೆ ಅತ್ತೆಯವರ ಪುಸ್ತಕದಲ್ಲಿ ‘ಆರು ಸೇರಿಗೆ ಒಂದು ಸೇರು’ ಎಂಬುದರ ಪಕ್ಕದಲ್ಲಿ, ನಿಮ್ಮ ಸೇರಿನಲ್ಲೇ ತೂಗಿ ಸಿಕ್ಕ ಸಂಖ್ಯೆಯನ್ನು, ಕಿಲೋ ಮಿಡಿಗೆ ಇಷ್ಟು ಗ್ರಾಂ ಹುರಿದ ಉಪ್ಪು ಎಂದು ಬರೆದಿಡಿ. ನಾನು ಇಲ್ಲಿ ಹೇಳಿದ 280 ಒಂದು ಲೀಟರಿನ ಸೇರಿನ ಅಂದಾಜು. ನಿಮ್ಮದು ಸ್ವಲ್ಪ ಆಚೀಚೆ ಬರಬಹುದು. 220ಕ್ಕಿಂತ ಕೆಳಗೆ ಬಂದರೆ ಮಾತ್ರ ತುಂಬಿದ ರೀತಿಯಲ್ಲಿ ಎಲ್ಲೋ ತಪ್ಪಿದೆ ಎಂದು ತಿಳಿದು ಮತ್ತೊಮ್ಮೆ ಅಳೆಯಿರಿ.